ಬಿಟ್ಟ ಸ್ಥಳ ತುಂಬುವುದು ಹೇಗೆ?

‘ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡ್ತೀನಿ. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗೋವರೆಗೂ ಕೈ ಖಾಲಿ. ಸಿವಿಯಲ್ಲಿ ಆ ಗ್ಯಾಪ್‌ಗೆ ಏನು ಬರೀಲಿ?’

ಮೈಸೂರಿನಲ್ಲಿ ಮನೆಯಿಂದಲೇ ಫ್ರೀಲಾನ್ಸ್ ಮಾಡುವವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ನಾನು ಯಂತ್ರಗಳಿಗೆ, ಸಾಫ್ಟ್‌ವೇರ್‌ಗಳಿಗೆ ಕೈಪಿಡಿ ಬರೆಯುವ ಟೆಕ್ನಿಕಲ್ ರೈಟರ್. ಸಂಬಳದ ಕೆಲಸ ಬಿಟ್ಟು ವರ್ಷಗಳೇ ಆದವು. ಇಷ್ಟು ದಿನ ಹೇಗೋ ಬದುಕಿದ್ದೀನಲ್ಲ, ಏನಾದರೂ ಗುಟ್ಟು ಇರಬೇಕು ಅಂತ ಅವರ ಅಂದಾಜು.

ಗುಟ್ಟೇನಿಲ್ಲ. ನನಗೆ ತೋರಿಸಲು ತರುವ ಸಿವಿಗಳಲ್ಲಿನ ಗ್ಯಾಪ್‌ಗಳಲ್ಲಿ ಮುಕ್ಕಾಲು ಪಾಲು ಗ್ಯಾಪ್‌ಗಳೇ ಅಲ್ಲ. ಸಂಬಳದವರ ನಮೂನೆಯೊಳಗೆ ನಮ್ಮ ಕೆಲಸವನ್ನು ತುರುಕಲು ಹೋಗಿ ಆದ ತೂತುಗಳು ಅವು.

ಒಂದು ಸಿವಿ ಹೀಗಿತ್ತು ಅಂದುಕೊಳ್ಳಿ. ‘ಜೂನ್ 2021ರಿಂದ ಅಕ್ಟೋಬರ್ 2021: ಟೆಸ್ಟರ್, ಕಾಂಟ್ರಾಕ್ಟ್. ಮಾರ್ಚ್ 2022ರಿಂದ ಆಗಸ್ಟ್ 2022: ಟೆಸ್ಟರ್, ಕಾಂಟ್ರಾಕ್ಟ್. ಜನವರಿ 2023ರಿಂದ ಮೇ 2023: ಟೆಸ್ಟರ್, ಕಾಂಟ್ರಾಕ್ಟ್.’ ಇದನ್ನು ಓದುವವರ ಕಣ್ಣು ನೇರವಾಗಿ ಎಲ್ಲಿಗೆ ಹೋಗುತ್ತೆ? ನವೆಂಬರಿಂದ ಫೆಬ್ರವರಿವರೆಗೆ ಎಲ್ಲಿದ್ದ ಈ ಮನುಷ್ಯ ಅನ್ನುವ ಕಡೆಗೆ. ಮಾಡಿದ ಕೆಲಸ ಹಿಂದೆ ಬಿತ್ತು, ಮಾಡದ ತಿಂಗಳುಗಳು ಮುಂದೆ ಬಂದು ನಿಂತವು.

ಅದನ್ನೇ ಹೀಗೆ ಬರೆಯಿರಿ. ‘2021ರಿಂದ ಈವರೆಗೆ: ಸ್ವತಂತ್ರ ಸಾಫ್ಟ್‌ವೇರ್ ಟೆಸ್ಟರ್, ಮೈಸೂರು.’ ಇದು ಒಂದೇ ಉದ್ಯೋಗ, ನಿಮ್ಮದೇ ಉದ್ಯೋಗ. ಅದರ ಕೆಳಗೆ ಗಿರಾಕಿಗಳು: ಯಾವ ಥರದ ಕಂಪನಿ, ಯಾವ ವರ್ಷ, ಏನು ಮಾಡಿದಿರಿ. ‘ಆಸ್ಪತ್ರೆಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಕಂಪನಿ, 2022. ಪಾವತಿ ಭಾಗದ ಟೆಸ್ಟಿಂಗ್ ಪೂರ್ತಿ ನನ್ನದು.’ ಗಿರಾಕಿಯ ಹೆಸರು ಹೊರಗೆ ಹೇಳುವುದಿಲ್ಲ ಅಂತ ಸಹಿ ಹಾಕಿಕೊಟ್ಟಿದ್ದರೆ ಹೆಸರು ಬೇಡ, ಕಂಪನಿಯ ಕಸುಬು ಹೇಳಿದರೆ ಸಾಕು. ಇದರಲ್ಲಿ ಸುಳ್ಳಿಲ್ಲ. ಹೊಸ ಕೆಲಸ ಹುಡುಕುವುದು, ಕೊಟೇಶನ್ ಕಳಿಸುವುದು, ಬಾಕಿ ದುಡ್ಡಿಗೆ ಫೋನ್ ಮೇಲೆ ಫೋನ್ ಮಾಡುವುದು, ಹೊಸದೊಂದು ಟೂಲ್ ಕಲಿಯುವುದು, ಎಲ್ಲವೂ ಈ ಕಸುಬಿನ ಭಾಗವೇ ಅಲ್ವಾ? ಕಟ್ಟಡದ ಮೇಸ್ತ್ರಿಗೆ ಎರಡು ಮನೆಗಳ ನಡುವೆ ಒಂದು ತಿಂಗಳು ಬಿಡುವಾದರೆ ಅವನನ್ನು ಯಾರೂ ನಿರುದ್ಯೋಗಿ ಅನ್ನಲ್ಲ.

ಆದರೆ ಒಂದು ಷರತ್ತು. ವರ್ಷಪೂರ್ತಿ ಒಂದು ಇನ್‌ವಾಯ್ಸನ್ನೂ ಕಳಿಸದೆ ‘ಸ್ವತಂತ್ರ ಕನ್ಸಲ್ಟೆಂಟ್’ ಅಂತ ಬರೆದುಕೊಂಡರೆ ನಡೆಯಲ್ಲ. ಸಂದರ್ಶನದ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತೆ.

ಇನ್ನು, ಗ್ಯಾಪ್ ಬಗ್ಗೆ ಕೇಳುವವರಿಗೆ ನಿಜವಾಗಿ ಏನು ಬೇಕು ಅನ್ನುವುದು. ಕಾಂಟ್ರಾಕ್ಟ್ ಕೊಡುವ ಗಿರಾಕಿ ಇದನ್ನು ಕೇಳುವುದೇ ಅಪರೂಪ. ಅವರ ಪ್ರಶ್ನೆ ‘ಸೋಮವಾರದಿಂದ ಶುರು ಮಾಡ್ತೀರಾ?’ ಅಲ್ಲಿ ಕೈ ಖಾಲಿ ಇರುವುದೇ ಅರ್ಹತೆ. ಗ್ಯಾಪ್ ಕೆದಕುವುದು ಖಾಯಂ ಕೆಲಸಕ್ಕೆ ತೆಗೆದುಕೊಳ್ಳುವ ಎಚ್‌ಆರ್‌ನವರು. ಅವರಿಗೂ ನೀವು ನವೆಂಬರ್‌ನಲ್ಲಿ ಏನು ಮಾಡ್ತಿದ್ದಿರಿ ಅನ್ನುವುದು ಮುಖ್ಯ ಅಲ್ಲ. ಅವರಿಗಿರುವುದು ಎರಡು ಅನುಮಾನ. ಕೆಲಸ ಸರಿ ಮಾಡಲಿಲ್ಲ ಅಂತ ಕಾಂಟ್ರಾಕ್ಟ್ ಮುಂದುವರಿಸಲಿಲ್ಲವೋ? ಇಲ್ಲಿಗೆ ಬಂದರೂ ಆರು ತಿಂಗಳಲ್ಲಿ ಗಂಟುಮೂಟೆ ಕಟ್ಟುತ್ತಾನೋ? ಮೊದಲನೆಯದಕ್ಕೆ ಒಳ್ಳೆಯ ಮದ್ದು, ಮತ್ತೆ ಕರೆದ ಗಿರಾಕಿ. ಒಬ್ಬರೇ ಎರಡು ಮೂರು ಸಲ ಕೆಲಸ ಕೊಟ್ಟಿದ್ದರೆ ಅದನ್ನು ಸಿವಿಯಲ್ಲಿ ಎದ್ದು ಕಾಣುವ ಹಾಗೆ ಬರೆಯಿರಿ. ಎರಡನೆಯದಕ್ಕೆ, ಈಗ ಯಾಕೆ ಖಾಯಂ ಕೆಲಸ ಬೇಕು ಅನ್ನುವುದನ್ನು ನೀವಾಗಿಯೇ ಹೇಳಿಬಿಡಿ. ಸಾಲ, ಮಕ್ಕಳ ಓದು, ಒಂಟಿಯಾಗಿ ಮಾಡಿ ಬೇಜಾರು, ಯಾವುದಾದರೂ ಸರಿ. ನಿಜ ಆಗಿದ್ದರೆ ಸಾಕು.

ನಿಜವಾಗಿಯೂ ಕೆಲಸವೇ ಇಲ್ಲದ ಕಾಲ ಇದ್ದರೆ? ಅದಕ್ಕೂ ಒಂದೇ ಸಾಲು ಸಾಕು. ಮದ್ದೂರು ಕಡೆಯ ಒಬ್ಬ ಹುಡುಗ, ಕಂಪ್ಯೂಟರ್‌ನಲ್ಲಿ ಕ್ಯಾಡ್ ಡ್ರಾಯಿಂಗ್ ಮಾಡುವವನು. ಅಪ್ಪನಿಗೆ ಆಪರೇಶನ್ ಆಗಿ ಒಂದು ಬೆಳೆ ಪೂರ್ತಿ ಇವನೇ ನೋಡಿಕೊಂಡಿದ್ದ. ಕಬ್ಬು ಅಂದರೆ ಹೆಚ್ಚೂಕಡಿಮೆ ಒಂದು ವರ್ಷ. ಸಿವಿಯಲ್ಲಿ ಮಾತ್ರ ‘ವೈಯಕ್ತಿಕ ಕಾರಣ’ ಅಂತ ಬರೆದಿದ್ದ. ಹಾಗಂದರೆ ಓದುವವರು ಏನೇನೋ ಊಹಿಸಿಕೊಳ್ಳುತ್ತಾರೆ. ‘ಅಗ್ರಿ ಬಿಸಿನೆಸ್ ಮ್ಯಾನೇಜ್‌ಮೆಂಟ್ ಅಂತ ಹಾಕು’ ಅಂತ ಅವನ ಸ್ನೇಹಿತ ಹೇಳಿಕೊಟ್ಟಿದ್ದನಂತೆ. ಅದು ಇನ್ನೂ ಕೆಟ್ಟದು. ನಾನು ಹೇಳಿದ್ದು: ‘ತಂದೆಯ ಅನಾರೋಗ್ಯದಿಂದಾಗಿ ಮನೆಯ ಕಬ್ಬಿನ ಬೇಸಾಯ ನೋಡಿಕೊಂಡೆ’ ಅಂತ ಬರಿ, ಅಷ್ಟೇ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ಬರುವ ದಿನ ರಾತ್ರಿಯೆಲ್ಲ ಗದ್ದೆ ಬದುವಿನ ಮೇಲೆ ಇದ್ದು, ಕಟಾವಿಗೆ ಆಳು ಹೊಂದಿಸಿ, ಕಾರ್ಖಾನೆಯಿಂದ ದುಡ್ಡು ಬರುವವರೆಗೆ ಕೈಸಾಲದಲ್ಲಿ ಮನೆ ನಡೆಸಿದವನಿಗೆ ಸಿವಿಯಲ್ಲಿ ನಾಚಿಕೆಪಡುವಂಥದ್ದು ಏನಿದೆ?

ಕಾಯಿಲೆ ನಿಮ್ಮದೇ ಆಗಿದ್ದರೆ ಅದರ ಹೆಸರು ಹೇಳುವ ಅಗತ್ಯ ಇಲ್ಲ. ‘ಆರೋಗ್ಯದ ಕಾರಣ, ಈಗ ಸರಿಯಾಗಿದೆ’ ಸಾಕು. ಮಗುವಿಗಾಗಿ ಬಿಡುವು ತೆಗೆದುಕೊಂಡ ಹೆಂಗಸರ ಹತ್ತಿರ ಮಾತ್ರ ಇದನ್ನು ಕೆದಕಿ ಕೆದಕಿ ಕೇಳುತ್ತಾರೆ. ಅಪ್ಪಂದಿರನ್ನು ಯಾರೂ ಕೇಳಿದ್ದು ನನಗಂತೂ ನೆನಪಿಲ್ಲ. ಅಲ್ಲೂ ಒಂದು ಸಾಲು, ಕ್ಷಮೆ ಕೇಳುವ ದನಿ ಇಲ್ಲದ ಸಾಲು.

ಮಾಡಬಾರದ್ದು ಒಂದಿದೆ, ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಹಳೆಯ ಕಂಪನಿ ಬಿಟ್ಟ ತಾರೀಕನ್ನು ನಾಲ್ಕು ತಿಂಗಳು ಮುಂದಕ್ಕೆ ಎಳೆದು ಗ್ಯಾಪ್ ಮುಚ್ಚುವುದು. ಪಿಎಫ್ ಇದ್ದ ಕೆಲಸವಾದರೆ ಯುಎಎನ್ (ನಿಮ್ಮ ಪಿಎಫ್ ಖಾತೆಗಳಿಗೆಲ್ಲ ಇರುವ ಒಂದೇ ನಂಬರ್) ಅಡಿಯಲ್ಲಿ ನೀವು ಸೇರಿದ ದಿನ, ಬಿಟ್ಟ ದಿನ ಎರಡೂ ದಾಖಲಾಗಿರುತ್ತವೆ. ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳಿನ ಜಮೆ ಕಾಣುತ್ತೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು, ಅಂದರೆ ಸಿವಿಯಲ್ಲಿ ಹೇಳಿದ್ದು ನಿಜವೇ ಅಂತ ಕಂಪನಿ ಪರವಾಗಿ ಪರೀಕ್ಷಿಸುವವರು, ನೋಡುವುದೇ ಅದನ್ನು. ಗ್ಯಾಪ್‌ಗೆ ಯಾರೂ ಆಫರ್ ವಾಪಸ್ ತೆಗೆದುಕೊಳ್ಳದಿರಬಹುದು, ತಾರೀಕಿನ ಸುಳ್ಳಿಗೆ ತೆಗೆದುಕೊಳ್ಳುತ್ತಾರೆ. ದುಡ್ಡಿಗೆ ಸಿಗುವ ಎಕ್ಸ್‌ಪೀರಿಯನ್ಸ್ ಲೆಟರ್‌ಗಳ ಮಾತು ಎತ್ತಲೇಬೇಡಿ.

ಕೆಲಸದಿಂದ ಬಿಡುಗಡೆಯಾದದ್ದಕ್ಕೆ ಕಂಪನಿ ಕೊಡುವ ರಿಲೀವಿಂಗ್ ಲೆಟರ್ ನಮಗೆ ಕೊಡುವವರಿಲ್ಲ, ನಿಜ. ಅದರ ಬದಲು ಬೇರೆ ಕಾಗದಗಳಿವೆ. ಕಾಂಟ್ರಾಕ್ಟ್ ಅಥವಾ ಕೆಲಸ ಒಪ್ಪಿಸಿದ ಮೇಲ್, ಇನ್‌ವಾಯ್ಸ್, ದುಡ್ಡು ಬಂದ ಬ್ಯಾಂಕ್ ಸ್ಟೇಟ್‌ಮೆಂಟ್. ಇಲ್ಲಿನ ಗಿರಾಕಿ ನಿಮಗೆ ಕೊಡುವ ದುಡ್ಡಿನಲ್ಲೇ ತೆರಿಗೆ (ಟಿಡಿಎಸ್) ಹಿಡಿದಿದ್ದರೆ ಅದರ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಅದೇ ಲೆಕ್ಕ ಆದಾಯ ತೆರಿಗೆ ಪೋರ್ಟಲ್‌ನ ನಿಮ್ಮ ಖಾತೆಯಲ್ಲೂ ಕಾಣುತ್ತೆ, ಯಾರು ಯಾವ ತಿಂಗಳು ಕೊಟ್ಟರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಹೊರದೇಶದ ಗಿರಾಕಿಯಾದರೆ ಸಾಮಾನ್ಯವಾಗಿ ಇಲ್ಲಿ ಟಿಡಿಎಸ್ ಇರುವುದಿಲ್ಲ, ಹಾಗಾಗಿ ಹೊರಗಿನಿಂದ ಹಣ ಬಂದ ಬಗ್ಗೆ ಬ್ಯಾಂಕ್ ಕೊಡುವ ಸರ್ಟಿಫಿಕೇಟ್ ಇಟ್ಟುಕೊಳ್ಳಿ. ಸಂಪಾದನೆ ಕಡಿಮೆ ಇದ್ದ ವರ್ಷವೂ ರಿಟರ್ನ್ ಸಲ್ಲಿಸಿ. ತೆರಿಗೆ ಬೀಳದಿದ್ದರೂ ಪರವಾಗಿಲ್ಲ, ಆ ವರ್ಷ ನೀವು ಕಸುಬು ಮಾಡುತ್ತಿದ್ದಿರಿ ಅನ್ನುವುದಕ್ಕೆ ಒಂದು ದಾಖಲೆ ಉಳಿಯುತ್ತೆ.

ಕೊನೆಗೆ ಜಾಬ್ ಪೋರ್ಟಲ್‌ಗಳ ಕಾಟ. ‘ಈಗಿನ ಕಂಪನಿ’ ಅನ್ನುವ ಜಾಗ ಖಾಲಿ ಬಿಟ್ಟರೆ ಮುಂದಿನ ಪುಟಕ್ಕೇ ಬಿಡುವುದಿಲ್ಲ. ಅಲ್ಲಿ ‘ಸ್ವಯಂ ಉದ್ಯೋಗ’ ಅಂತ ಹಾಕಿ, ಕಸುಬು ಶುರು ಮಾಡಿದ ತಿಂಗಳು ಕೊಡಿ. ಅದನ್ನೂ ಒಪ್ಪದಿದ್ದರೆ ಆ ಪೋರ್ಟಲ್ ಮುಂದೆ ಕೂತು ಸುಮ್ನೆ ಗುದ್ದಾಡಬೇಡಿ, ಗೊತ್ತಿದ್ದವರ ಮೂಲಕ ಸಿವಿ ಕಳಿಸಿ. ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಕೈಪಿಡಿ ಕೆಲಸ ನನಗೆ ಸಿಕ್ಕಿದ್ದು ಅಲ್ಲಿನ ಮೆಂಟೆನೆನ್ಸ್ ಎಂಜಿನಿಯರ್ ಒಬ್ಬರ ಪರಿಚಯದಿಂದ. ಅವರು ಸಿವಿ ಕೇಳಿದ್ದು ಕೆಲಸ ಅರ್ಧ ಮುಗಿದ ಮೇಲೆ, ಅದೂ ವೆಂಡರ್ ಫೈಲಿಗೆ ಹಾಕೋಕೆ.