ದೇವಿಮನೆ ಘಟ್ಟ ಮತ್ತು ಒಂದು ಹಸಿರು ಬೋಲ್ಟು

ಕುಮಟಾದಿಂದ ಶಿರಸಿಗೆ ಹೊರಟಿದ್ದೆ. ದೇವಿಮನೆ ಘಟ್ಟ ಅರ್ಧ ಹತ್ತಿರಬೇಕು, ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಮುಂದೆ ಒಂದು ಲೋಡ್ ಲಾರಿ ತೆವಳುತ್ತಿತ್ತು. ಓವರ್‌ಟೇಕ್ ಮಾಡಲು ಜಾಗವಿಲ್ಲ. ಮುಳ್ಳು ಕೆಂಪು ಗೆರೆ ಮುಟ್ಟುವ ಮೊದಲೇ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಬಾನೆಟ್ ಎತ್ತಿ ನೋಡಿದರೆ ಇಂಜಿನ್ ತಂಪು ಮಾಡಬೇಕಾದ ರೇಡಿಯೇಟರ್ ಫ್ಯಾನ್ ಸುಮ್ಮನೆ ನಿಂತಿತ್ತು.

ನನ್ನದು ಸ್ಯಾನ್ ಸ್ಟಾರ್ಮ್. ಪಕ್ಕದ ಗೋವಾದಲ್ಲೇ ತಯಾರಾದ, ಎರಡೇ ಸೀಟಿನ, ಬಟ್ಟೆಯ ಟಾಪ್ ಇರುವ ಪುಟ್ಟ ಸ್ಪೋರ್ಟ್ಸ್ ಕಾರು. 1149 ಸಿಸಿ ರೆನೋ ಇಂಜಿನ್, 60 ಹಾರ್ಸ್‌ಪವರ್. ಕೇಳಲು ಕಡಿಮೆ. ಆದರೆ ಟಾಪ್ ಮಡಚಿ, ಎಡಗಡೆ ಸಮುದ್ರ ಇಟ್ಟುಕೊಂಡು ಅಂಕೋಲಾ ಕಡೆಯಿಂದ ಕಾರವಾರಕ್ಕೆ ಬೆಳಿಗ್ಗೆ ಬರುವಾಗ ಆಗುವ ಖುಷಿಯೇ ಬೇರೆ. ಜೊತೆಯವರೆಲ್ಲ ಮೊದಲ ಕಾರು ಅಂತ ಆಲ್ಟೋ, ಸ್ವಿಫ್ಟ್ ತಗೊಂಡರು. ನಾನು ಕಾಳಿ ಸೇತುವೆ ದಾಟಿ ಗೋವಾಕ್ಕೆ ಹೋಗಿ ಇದನ್ನು ತಂದೆ. ಎನ್‌ಒಸಿ, ಟ್ಯಾಕ್ಸು ಅಂತ ಓಡಾಡಿ ಕಾರವಾರದ ಕೆಎ 30 ನಂಬರ್ ಹಾಕಿಸುವಷ್ಟರಲ್ಲಿ ಒಂದು ಮಳೆಗಾಲ ಮುಗಿದಿತ್ತು. ಇಂಜಿನ್ನಿನ ಒಳಭಾಗಗಳನ್ನು ತಾಳ ತಪ್ಪದೆ ತಿರುಗಿಸುವ ಟೈಮಿಂಗ್ ಬೆಲ್ಟ್ ಮಾತ್ರ ತಂದ ವಾರವೇ ಬದಲಿಸಿದ್ದೆ. ಹಳೇ ಗಾಡಿಯ ಬೆಲ್ಟಿನ ವಯಸ್ಸು ಯಾರಿಗೆ ಗೊತ್ತಿರುತ್ತದೆ, ಅಲ್ವಾ?

ಇದನ್ನೇ ಆರಿಸಲು ಇನ್ನೊಂದು ಕಾರಣ, ಫೈಬರ್ ಬಾಡಿ. ಉಪ್ಪುಗಾಳಿಗೆ ಬಾಗಿಲಿನ ಅಂಚು ಉದುರಿದ ಕಾರುಗಳನ್ನು ಕಾರವಾರದಲ್ಲಿ ನೋಡುತ್ತಲೇ ಬೆಳೆದವನು ನಾನು. ಫೈಬರ್‌ಗೆ ತುಕ್ಕಿಲ್ಲ, ಇನ್ನೇನು ಚಿಂತೆ ಅಂದುಕೊಂಡಿದ್ದೆ.

ರೇಡಿಯೇಟರ್ ಮುಚ್ಚಳ ಮುಟ್ಟಲಿಲ್ಲ. ಬಿಸಿಯಲ್ಲಿ ತೆಗೆದರೆ ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ಮುಕ್ಕಾಲು ಗಂಟೆ ಕಾದು, ಗಾಡಿ ತಿರುಗಿಸಿ, ಸೆಕೆಂಡ್ ಗೇರಿನಲ್ಲಿ ಕತಗಾಲಕ್ಕೆ ವಾಪಸ್ ಇಳಿದೆ. ಇಳಿಜಾರಿನಲ್ಲಿ ಇಂಜಿನ್‌ಗೆ ಭಾರ ಬೀಳುವುದಿಲ್ಲ, ಮುಳ್ಳೂ ಏಳಲಿಲ್ಲ.

ಅಲ್ಲಿ ಒಬ್ಬರು ವಯಸ್ಸಾದ ಎಲೆಕ್ಟ್ರಿಷಿಯನ್ ಸಿಕ್ಕರು. ಬ್ಯಾಟರಿಯಿಂದ ಫ್ಯಾನಿಗೆ ಡೈರೆಕ್ಟ್ ಕೊಟ್ಟರು. ಗರ್ರನೆ ತಿರುಗಿತು. ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ಚು, ರಿಲೇ, ಟಕ್ ಅಂದಿತು, ಫ್ಯೂಸೂ ಸರಿ ಇತ್ತು. ಆಮೇಲೆ ಕಪ್ಪು ವಯರ್ ಹಿಡಿದು ಬೆರಳಲ್ಲೇ ತಡವುತ್ತಾ ಹೋದರು. ಹೆಡ್‌ಲೈಟ್ ಕೆಳಗೆ, ಚಾಸಿಗೆ, ಅಂದರೆ ಕಾರಿನ ಕಬ್ಬಿಣದ ಚೌಕಟ್ಟಿಗೆ, ಬಿಗಿದ ಒಂದು ಬೋಲ್ಟ್ ಹತ್ತಿರ ಕೈ ನಿಂತಿತು. ಟಾರ್ಚ್ ಬಿಟ್ಟರೆ ಬೋಲ್ಟ್ ಕಾಣುತ್ತಲೇ ಇಲ್ಲ, ಸುತ್ತ ಪಾಚಿ ಕಟ್ಟಿದ ಹಾಗೆ ಹಸಿರು ಪುಡಿ. ವಯರ್ ಎಳೆದರು, ಟರ್ಮಿನಲ್ ಅಲ್ಲೇ ಉಳಿದು ವಯರಷ್ಟೇ ಕೈಗೆ ಬಂತು.

"ಬಾಡಿ ಫೈಬರ್ ಅಲ್ವಾ ತಮ್ಮಾ" ಅಂದರು. "ತಗಡಿನ ಗಾಡಿಗೆ ಬಾಡೀನೇ ಅರ್ಥ್, ಕರೆಂಟ್ ವಾಪಸ್ ಹೋಗೋ ದಾರಿ. ಇದರಲ್ಲಿ ಕರೆಂಟ್ ಹರಿಯೋದಿಲ್ಲ. ಒಂದೊಂದು ಬಲ್ಬಿಗೂ ವಾಪಸ್ ಹೋಗೋಕೆ ವಯರೇ ಬೇಕು. ಉಪ್ಪು ಅದನ್ನೇ ತಿಂದದೆ."

ಆಗ ತಲೆಗೆ ಹೊಳೆಯಿತು. ಆರು ತಿಂಗಳಿಂದ ಬಲಗಡೆ ಇಂಡಿಕೇಟರ್ ಹಾಕಿದರೆ ಟೇಲ್ ಲೈಟೂ ಜೊತೆಗೆ ಮಿಣುಕುತ್ತಿತ್ತು. ನಾನು ಸುಮ್ನೆ ಬಲ್ಬ್ ಬದಲಿಸುತ್ತಾ ಕೂತಿದ್ದೆ. ಅದೂ ಅರ್ಥ್‌ನದ್ದೇ ತೊಂದರೆ. ಇಂಥ ಗಾಡಿ ತಗೊಳ್ಳುವವರು ಇಂಜಿನ್ ಸದ್ದು ಕೇಳುವ ಮೊದಲು ಕೆಳಗೆ ಮಲಗಿ ಈ ಬೋಲ್ಟುಗಳನ್ನು ನೋಡಬೇಕು ಅಂತ ನನಗೆ ಈಗ ಗಟ್ಟಿಯಾಗಿ ಅನಿಸುತ್ತದೆ.

ಅವರು ಅವಸರ ಮಾಡಲಿಲ್ಲ. ಚಾಸಿ ಹೊಳೆಯುವ ತನಕ ಸ್ಯಾಂಡ್ ಪೇಪರ್ ಹಾಕಿ ತಿಕ್ಕಿದರು. ಹೊಸ ಟರ್ಮಿನಲ್ ಒತ್ತಿ, ಬಿಗಿದು, ಮೇಲೆ ದಪ್ಪಗೆ ಗ್ರೀಸ್ ಮೆತ್ತಿದರು. ಫ್ಯಾನಿನಿಂದ ಬ್ಯಾಟರಿ ನೆಗೆಟಿವ್‌ಗೆ ಇನ್ನೊಂದು ವಯರ್ ಬೇರೆ ಎಳೆದರು. ಹಿಂದಿನ ಲೈಟುಗಳ ಅರ್ಥನ್ನೂ ನಾನೇ ಬಿಚ್ಚಿ ತಿಕ್ಕಿದೆ. ಅವರು ಪಕ್ಕದಲ್ಲಿ ಕೂತು ಹೇಳಿಕೊಟ್ಟರು.

ಮತ್ತೆ ಘಟ್ಟ ಹತ್ತಿದೆ. ಮುಳ್ಳು ಅರ್ಧಕ್ಕೆ ಬಂದು ನಿಂತಿತು, ಕದಲಲಿಲ್ಲ. ದೇವಿಮನೆ ದೇವಸ್ಥಾನದ ಹತ್ತಿರ ನಿಲ್ಲಿಸಿ ಕೈ ಮುಗಿದು, ಟಾಪ್ ಮಡಚಿದೆ. ರಾಗಿಹೊಸಳ್ಳಿ ದಾಟುವಾಗ ತಣ್ಣನೆ ಗಾಳಿ.

ಶಿರಸಿಯಲ್ಲಿ ಅತ್ತೆ ಮನೆ ಅಂಗಳಕ್ಕೆ ಬಂದು ಕೀ ತೆಗೆದೆ. ಫ್ಯಾನ್ ಮಾತ್ರ ತಿರುಗುತ್ತಲೇ ಇತ್ತು. ಅತ್ತೆ ಮುರುಗಲ ಪಾನಕದ ಲೋಟ ಹಿಡಿದು ಜಗಲಿಗೆ ಬಂದರು.

"ಎಂತದಾ ತಮಾ, ಇನ್ನೂ ತಿರುಗ್ತಾ ಇದ್ದು?"

"ತಿರುಗಲಿ ಅತ್ತೆ" ಅಂದೆ. ಅದು ತಾನಾಗಿ ನಿಲ್ಲುವ ತನಕ ಅಲ್ಲೇ ನಿಂತು ಕೇಳಿದೆ.