ಎಂಜಿನ್ನಿಗೆ ಸೀಲು ಹಾಕಿ, ದೋಣಿಯ ತಳವನ್ನು ಬಿಟ್ಟುಬಿಡಿ

ಕಲಬುರಗಿಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕಾಣಲು ರಸ್ತೆಯಲ್ಲಿ ನಾನೂರು ಕಿಲೋಮೀಟರ್ ದಾಟಬೇಕು. ಹಾಗಂತ ಪವರ್‌ಬೋಟ್ ರೇಸು ನಮಗೆ ಪೂರ್ತಿ ದೂರದ ಮಾತೇನಲ್ಲ. ಸುರಪುರ ತಾಲ್ಲೂಕಿನ ತಿಂಥಣಿ ಸೇತುವೆಯ ಕೆಳಗೆ ಹರಿದ ಕೃಷ್ಣೆ ಜುರಾಲ, ಶ್ರೀಶೈಲ, ನಾಗಾರ್ಜುನಸಾಗರ ದಾಟಿ ವಿಜಯವಾಡದ ಪ್ರಕಾಶಂ ಬ್ಯಾರೇಜಿನಲ್ಲಿ ನಿಲ್ಲುತ್ತಾಳೆ. 2018ರ ನವೆಂಬರ್‌ನಲ್ಲಿ ಅದೇ ನೀರಿನ ಮೇಲೆ ಎಫ್1ಎಚ್2ಒ ವಿಶ್ವ ಚಾಂಪಿಯನ್‌ಷಿಪ್‌ನ ಒಂದು ಸುತ್ತು ನಡೆಯಿತು. ಅದಕ್ಕೂ ಮೊದಲು, 2017ರ ಮಾರ್ಚ್‌ನಲ್ಲಿ, ಮುಂಬೈಯ ಮರೀನ್ ಡ್ರೈವ್ ಎದುರಿಗೆ ಪಿ1 ಎಂಬ ಸರಣಿಯ ದೋಣಿಗಳು ಓಡಿದ್ದವು. ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು ಹೋಗಿ ನೋಡಬಹುದಾದ ರೇಸು ಅದು.

ಆದರೆ ಇವೆರಡೂ ಆಫ್‌ಶೋರ್ ಅಲ್ಲ, ಅಥವಾ ಹಳೆಯ ಅರ್ಥದಲ್ಲಿ ಅಲ್ಲ. ಒಂದು ನದಿಯ ನಿಂತ ನೀರಿನ ಮೇಲಿನ ಸರ್ಕ್ಯೂಟ್, ಇನ್ನೊಂದು ದಂಡೆಯಿಂದ ಕಾಣುವಷ್ಟು ಹತ್ತಿರದ ಸುತ್ತು. ಆಫ್‌ಶೋರ್ ಎಂದರೆ ದಂಡೆಯ ಆಸರೆ ಬಿಟ್ಟು, ತೆರೆ ಎಷ್ಟೇ ಎತ್ತರ ಇರಲಿ, ಒಂದು ಊರಿಂದ ಇನ್ನೊಂದು ಊರಿಗೆ ಹೋಗುವುದು. 1956ರಲ್ಲಿ ಶುರುವಾದ ಮಯಾಮಿ–ನಸ್ಸೌ, 1961ರ ಕೌಸ್–ಟಾರ್ಕೀ ರೇಸುಗಳು ಆ ಜಾತಿಯವು. ಅಂಥವು ಈಗ ಬೆರಳೆಣಿಕೆಗೆ ಇಳಿದಿವೆ. ಉಳಿದ ರೇಸುಗಳೆಲ್ಲ ಬೀಚಿನ ಮುಂದೆ ಬೋಯ್ (ನೀರಿನ ಮೇಲೆ ತೇಲುವ ಗುರುತು) ಸುತ್ತುವ ಓಟಗಳು. ಕಾರಣ ಸರಳ. ದೋಣಿ ಮಗುಚಿದರೆ ಹೆಲಿಕಾಪ್ಟರ್ ಮತ್ತು ಮುಳುಗುಗಾರರು ಬೇಗ ತಲುಪಬೇಕು, ವಿಮೆಯವನು ಒಪ್ಪಬೇಕು, ಟಿಕೆಟ್ ಕೊಂಡವನಿಗೂ ಕ್ಯಾಮೆರಾಗೂ ದೋಣಿ ಕಾಣಬೇಕು. ಮುನ್ನೂರು ಕಿಲೋಮೀಟರ್ ಉದ್ದದ ದಾರಿಗೆ ಇದ್ಯಾವುದನ್ನೂ ಒದಗಿಸಲಾಗದು.

ಇದರಲ್ಲಿ ಕಳೆದುಹೋಗುವುದೇನು ಎಂಬುದಕ್ಕೆ 1960ರ ಮಯಾಮಿ–ನಸ್ಸೌ ರೇಸನ್ನೇ ನೋಡಬೇಕು. ಆ ದಿನ ಸಮುದ್ರ ಕೆಟ್ಟಿತ್ತು. ರೇ ಹಂಟ್ ವಿನ್ಯಾಸ ಮಾಡಿದ, ಡಿಕ್ ಬರ್ಟ್ರಮ್ ರೇಸಿಗಿಳಿಸಿದ ಸುಮಾರು 30 ಅಡಿಯ ಮರದ ದೋಣಿ ‘ಮಾಪಿ’ ಹೆಚ್ಚುಕಡಿಮೆ 8 ಗಂಟೆಯಲ್ಲಿ ಗುರಿ ಮುಟ್ಟಿತು. ಬಹಳಷ್ಟು ದೋಣಿಗಳು ಮರುದಿನ ಬಂದವು. ಗುಟ್ಟು ಎಂಜಿನ್ನಿನಲ್ಲಿ ಇರಲಿಲ್ಲ, ತಳದಲ್ಲಿತ್ತು. ಆವರೆಗಿನ ವೇಗದ ದೋಣಿಗಳ ತಳ ಹಿಂದಕ್ಕೆ ಹೋಗುತ್ತ ಚಪ್ಪಟೆಯಾಗುತ್ತಿತ್ತು. ಮಾಪಿಯ ತಳ ಮೂಗಿನಿಂದ ಹಿಂದಿನ ಹಲಗೆಯವರೆಗೂ ಸುಮಾರು 24 ಡಿಗ್ರಿ ‘ವಿ’ ಆಕಾರದಲ್ಲೇ ಉಳಿದಿತ್ತು. ತೆರೆಯ ಮೇಲಿಂದ ಬಿದ್ದಾಗ ಚಪ್ಪಟೆ ತಳ ಅಂಗೈಯಿಂದ ನೀರಿಗೆ ಬಾರಿಸಿದಂತೆ ಅಪ್ಪಳಿಸುತ್ತದೆ. ವಿ ತಳ ಕೊಡಲಿಯ ಹಾಗೆ ಸೀಳಿಕೊಂಡು ಇಳಿಯುತ್ತದೆ. ಇವತ್ತು ಕರಾವಳಿ ಕಾವಲಿನ ವೇಗದ ದೋಣಿಗಳಲ್ಲೂ ಮೀನುಗಾರಿಕೆಯ ಸಣ್ಣ ಫೈಬರ್ ದೋಣಿಗಳಲ್ಲೂ ಕಾಣುವ ತಳ ಇದೇ ವಂಶದ್ದು. ರೇಸು ಜಗತ್ತಿಗೆ ಕೊಟ್ಟದ್ದು ಅದು. ಶಾಂತ ನೀರಲ್ಲಿ ಸುತ್ತು ಹೊಡೆದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ.

ಈಗಿನ ದೊಡ್ಡ ವರ್ಗ ಕ್ಲಾಸ್ 1. ಎರಡು ತಳಗಳ ಕ್ಯಾಟಮರಾನ್, ತೂಕ 5 ಟನ್ ಆಸುಪಾಸು, ಎರಡು ಎಂಜಿನ್, ಒಂದೊಂದೂ 1100 ಎಚ್‌ಪಿಯ ಟ್ವಿನ್ ಟರ್ಬೊ ವಿ8. ಎರಡು ತಳಗಳ ನಡುವಿನ ಸುರಂಗದಲ್ಲಿ ಗಾಳಿ ಒತ್ತಿಕೊಂಡು ದೋಣಿಯ ತೂಕದ ದೊಡ್ಡ ಪಾಲನ್ನು ಎತ್ತುತ್ತದೆ. ಹೀಗಾಗಿ ಅದು ಅರ್ಧ ದೋಣಿ, ಅರ್ಧ ವಿಮಾನ. ಅಪಾಯವೂ ಅಲ್ಲೇ. ಗಾಳಿಯ ಎತ್ತುವ ಬಲ ವೇಗವನ್ನು ವೇಗದಿಂದಲೇ ಗುಣಿಸಿದ ಲೆಕ್ಕದಲ್ಲಿ ಏರುತ್ತದೆ. 150 ಕಿಮೀ ವೇಗದ ದೋಣಿಗೆ 30 ಕಿಮೀ ಎದುರುಗಾಳಿ ಸಿಕ್ಕರೆ ಸುರಂಗಕ್ಕೆ ನುಗ್ಗುವ ಗಾಳಿ 180 ಆಗುತ್ತದೆ, ಎತ್ತುವ ಬಲ 44% ಏರುತ್ತದೆ. ಬೋಯ್ ತಿರುಗಿ ಗಾಳಿಯನ್ನು ಬೆನ್ನಿಗೆ ತೆಗೆದುಕೊಂಡರೆ ಅದೇ ಬಲ ಗಾಳಿಯಿಲ್ಲದಾಗ ಇರುವುದಕ್ಕಿಂತ 36% ಇಳಿಯುತ್ತದೆ. ಅಂದರೆ ಒಂದೇ ಸುತ್ತಿನಲ್ಲಿ ಓಡಿಸುವವನಿಗೆ ಎರಡು ಬೇರೆ ದೋಣಿಗಳು ಸಿಕ್ಕಂತೆ. ಹಿಂಗಾಳಿಗೆ ಹೊಂದಿಸಿದ ಟ್ರಿಮ್ಮನ್ನು (ಮೂಗು ಎಷ್ಟು ಎದ್ದಿರಬೇಕೆಂಬ ಹೊಂದಾಣಿಕೆ) ಎದುರುಗಾಳಿಗೆ ತಿರುಗಿದಾಗ ಇಳಿಸದಿದ್ದರೆ ಮೂಗು ಏಳುತ್ತದೆ, ಎದ್ದಷ್ಟೂ ಕೆಳಗೆ ಗಾಳಿ ಹೆಚ್ಚುತ್ತದೆ, ದೋಣಿ ಹಿಮ್ಮುಖ ಲಾಗ ಹಾಕುತ್ತದೆ.

ಇದಕ್ಕೆ ವಿರುದ್ಧವಾದ ಅಪಘಾತ ಇನ್ನೂ ಕ್ರೂರ: ಮೂಗು ಮುಂದಿನ ತೆರೆಯ ಒಳಗೆ ಹೊಕ್ಕುಬಿಡುವುದು. ಗಂಟೆಗೆ 180 ಕಿಮೀ ಅಂದರೆ ಸೆಕೆಂಡಿಗೆ 50 ಮೀಟರ್. ಆ ವೇಗದಲ್ಲಿ ನೀರಿಗೆ ನೇರ ಹೊಡೆದರೆ ಒತ್ತಡ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 13 ಕೆಜಿ. ಡ್ರಿಪ್ ಪೈಪಿನ ಗೇಜಿನಲ್ಲಿ 1 ಕೆಜಿ ಒತ್ತಡ ನೋಡಿ ಗೊತ್ತಿರುವವರು ಇದನ್ನು ಊಹಿಸಿಕೊಳ್ಳಬಹುದು. ತೆರೆದ ಕಾಕ್‌ಪಿಟ್ಟಿನಲ್ಲಿ ಅದು ನೇರ ಎದೆಗೆ. ಎಫ್-16 ಯುದ್ಧವಿಮಾನದ ಮಾದರಿಯ ಪಾರದರ್ಶಕ ಮುಚ್ಚುಗೆ ರೇಸು ದೋಣಿಗೆ ಬಂದದ್ದು ಈ ಕಾರಣಕ್ಕೆ. 1990ರ ಅಕ್ಟೋಬರ್‌ನಲ್ಲಿ ಮೊನಾಕೊ ಹತ್ತಿರ ರೇಸುಗಾರ ಸ್ಟೆಫಾನೊ ಕಾಸಿರಾಘಿ ಸತ್ತ ಮೇಲೆ ನಿಯಮಗಳು ಇನ್ನಷ್ಟು ಬಿಗಿಯಾದವು. ಈಗ ಐದಾರು ಕಡೆಯಿಂದ ಕಟ್ಟುವ ಬೆಲ್ಟ್, ಒಳಗೇ ಗಾಳಿ ಸಿಲಿಂಡರ್, ದೋಣಿ ತಲೆಕೆಳಗಾದರೂ ತೆರೆಯುವ ಕೆಳಬಾಗಿಲು, ಬೋನಿನಲ್ಲಿ ಕೂರಿಸಿ ನೀರಲ್ಲಿ ತಿರುವಿಹಾಕುವ ಪರೀಕ್ಷೆ ಎಲ್ಲ ಇವೆ. ಇಷ್ಟಿದ್ದೂ 2011ರಲ್ಲಿ ಕೀ ವೆಸ್ಟ್‌ನಲ್ಲಿ ಒಂದೇ ವಾರದ ರೇಸುಗಳಲ್ಲಿ 3 ಜನ ಸತ್ತರು. ಮುಚ್ಚುಗೆ ಬಂತು, ಇನ್ನು ವೇಗ ಏರಿಸೋಣ ಎನ್ನುವವರು ಇದನ್ನು ಮರೆಯುತ್ತಾರೆ.

ಇನ್ನು ವಿದ್ಯುತ್ತಿನ ಮಾತು. ‘ಮುಂದೆ ಎಲ್ಲಾ ಬ್ಯಾಟರಿನೇ’ ಅನ್ನುವವರಿಗೆ ಇ1 ಸರಣಿ ಉದಾಹರಣೆಯಾಗಿದೆ. ಮೊದಲ ರೇಸು 2024ರ ಫೆಬ್ರುವರಿಯಲ್ಲಿ ಜೆಡ್ಡಾದಲ್ಲಿ ನಡೆಯಿತು. ವಿರಾಟ್ ಕೊಹ್ಲಿ ಒಂದು ತಂಡದ ಸಹಮಾಲೀಕರಾದ್ದರಿಂದ ನಮ್ಮವರಿಗೂ ಹೆಸರು ಗೊತ್ತಾಯಿತು. ಎಲ್ಲ ತಂಡಗಳಿಗೂ ರೇಸ್‌ಬರ್ಡ್ ಎಂಬ ಒಂದೇ ಅಚ್ಚಿನ ದೋಣಿ: 150 ಕಿಲೋವ್ಯಾಟ್ ಮೋಟಾರು, 35 ಕಿಲೋವ್ಯಾಟ್-ಅವರ್ ಬ್ಯಾಟರಿ, ಗರಿಷ್ಠ 50 ನಾಟ್ ಅಂದರೆ ಸುಮಾರು 93 ಕಿಮೀ ವೇಗ. ದೋಣಿ ನೀರಿನಿಂದ ಮೇಲೆದ್ದು ಕೆಳಗಿನ ರೆಕ್ಕೆಗಳ ಮೇಲೆ ಓಡುತ್ತದೆ. ಒಳ್ಳೆಯ ಎಂಜಿನಿಯರಿಂಗ್. ಆದರೆ ಲೆಕ್ಕ ಹಾಕಿ: 35ನ್ನು 150ರಿಂದ ಭಾಗಿಸಿದರೆ ಪೂರ್ತಿ ಶಕ್ತಿಯಲ್ಲಿ 14 ನಿಮಿಷ. ಅಷ್ಟರಲ್ಲಿ ದಂಡೆ ಬಿಟ್ಟು ಎಷ್ಟು ದೂರ ಹೋದೀತು?

ಕ್ಲಾಸ್ 1ಕ್ಕೆ ಅದೇ ಲೆಕ್ಕ ಹಚ್ಚೋಣ. 2200 ಎಚ್‌ಪಿ ಅಂದರೆ ಸುಮಾರು 1640 ಕಿಲೋವ್ಯಾಟ್. ಒಂದು ಗಂಟೆಯ ರೇಸು, ಸರಾಸರಿ 60% ಶಕ್ತಿ ಬಳಕೆ ಎಂದಿಟ್ಟುಕೊಂಡರೂ 980 ಯೂನಿಟ್ ಕರೆಂಟು ಬೇಕು. ಪ್ಯಾಕಿನ ತೂಕ ಸೇರಿಸಿ ಕೆಜಿಗೆ 0.18 ಯೂನಿಟ್ ಹಿಡಿದರೆ ಬ್ಯಾಟರಿಯೇ 5.4 ಟನ್, ಇಡೀ ದೋಣಿಗಿಂತ ಭಾರ. ಪೆಟ್ರೋಲಿನ ಕಡೆಯ ಲೆಕ್ಕವೂ ಹೆಮ್ಮೆಪಡುವಂಥದ್ದಲ್ಲ. ಇಂಥ ಒಂದು ಎಂಜಿನ್ ಪೂರ್ತಿ ತೆರೆದಾಗ ಗಂಟೆಗೆ ಸುಮಾರು 400 ಲೀಟರ್ ಕುಡಿಯುತ್ತದೆ. ಹೊಲದ 5 ಎಚ್‌ಪಿ ಡೀಸೆಲ್ ಪಂಪ್‌ಸೆಟ್ಟಿಗೆ ಗಂಟೆಗೆ ಒಂದು ಲೀಟರ್ ಆದರೆ, ಇಲ್ಲಿ ಒಂದು ಎಂಜಿನ್ ಒಂದು ಗಂಟೆಗೆ ಸುಟ್ಟದ್ದರಲ್ಲಿ ಆ ಪಂಪು 400 ಗಂಟೆ ಓಡುತ್ತಿತ್ತು. ಇದನ್ನು ಯಾವ ಪ್ರಾಯೋಜಕನೂ ಹೆಚ್ಚು ದಿನ ಸಮರ್ಥಿಸಿಕೊಳ್ಳಲಾರ.

ರೆಕ್ಕೆಗಳ ಮೇಲಿನ ಓಟಕ್ಕೂ ಮಿತಿಯಿದೆ, ಅದು ಬ್ಯಾಟರಿಯದ್ದಲ್ಲ. ಸಾಮಾನ್ಯ ಆಕಾರದ ರೆಕ್ಕೆ 50 ನಾಟ್ ಹತ್ತಿರ ಬಂದಾಗ ಅದರ ಮೇಲ್ಮೈಯಲ್ಲಿ ಒತ್ತಡ ಎಷ್ಟು ಕುಸಿಯುತ್ತದೆಂದರೆ ನೀರು ಬಿಸಿಯಾಗದೆಯೇ ಕುದಿದು ಗುಳ್ಳೆಯಾಗುತ್ತದೆ. ಆ ಗುಳ್ಳೆ ಒಡೆಯುವಾಗ ಲೋಹವನ್ನು ಕಿತ್ತುಕೊಂಡು ಹೋಗುತ್ತದೆ. ನಮ್ಮ ಕಡೆ ಪಂಪ್ ರಿಪೇರಿಯವರಿಗೆ ಇದು ಹೊಸದಲ್ಲ. ಬಾವಿಯ ನೀರು ಆಳಕ್ಕಿಳಿದರೂ ಮೋಟಾರನ್ನು ದಡದ ಮೇಲೇ ಇಟ್ಟಿದ್ದರೆ ಇಂಪೆಲ್ಲರ್ ಹುಳ ತಿಂದಂತೆ ಗುಂಡಿಗುಂಡಿ ಆಗಿರುತ್ತದಲ್ಲ, ಅದೇ ರೋಗ. ಜೊತೆಗೆ ರೆಕ್ಕೆಗೆ ಬಲೆ, ಪ್ಲಾಸ್ಟಿಕ್, ಜಲಕಳೆ ಏನು ಸಿಕ್ಕರೂ ದೋಣಿ ತಟ್ಟನೆ ಕೆಳಗೆ ಬೀಳುತ್ತದೆ.

ಹಾಗಾಗಿ ದಂಡೆಯ ಪ್ರದರ್ಶನ ವಿದ್ಯುತ್ತಿಗೆ ಹೋಗಲಿ. ಊರ ನಡುವಿನ ನೀರಿಗೆ ಸದ್ದಿಲ್ಲದ ದೋಣಿಯೇ ಸರಿ. ತೆರೆಯ ಮೇಲಿನ ರೇಸು ಉಳಿಯಬೇಕಾದರೆ ಅದು ಔಟ್‌ಬೋರ್ಡಿನಿಂದಲೇ, ಅಂದರೆ ದೋಣಿಯ ಹಿಂದೆ ಹೊರಗಡೆ ತೂಗುಹಾಕುವ ಎಂಜಿನ್ನಿನಿಂದ. ಕಾರ್ಖಾನೆಯಿಂದಲೇ ಬಂದಿರುವ 450 ಎಚ್‌ಪಿಯ ಸೂಪರ್‌ಚಾರ್ಜ್ಡ್ ವಿ8 ಔಟ್‌ಬೋರ್ಡ್ 313 ಕೆಜಿ ತೂಗುತ್ತದೆ. ಅಂಥ ಎರಡನ್ನು ಹಿಂದಿನ ಹಲಗೆಗೆ ಬೋಲ್ಟ್ ಮಾಡಿದರೆ 900 ಎಚ್‌ಪಿ. ಕೆಟ್ಟರೆ ಬಿಚ್ಚಿ ಇನ್ನೊಂದನ್ನು ಕೂರಿಸಬಹುದು, ದೋಣಿಯ ಹೊಟ್ಟೆ ಸೀಳಬೇಕಿಲ್ಲ. ಆಯೋಜಕರು ಎಂಜಿನ್ನಿಗೂ ಅದನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೂ ಸೀಲು ಹಾಕಿ ಚೀಟಿ ಎತ್ತಿ ಹಂಚಿದರೆ ದುಡ್ಡಿದ್ದವನ ಎಂಜಿನ್ ಆಟ ಅಲ್ಲಿಗೆ ನಿಲ್ಲುತ್ತದೆ. ಆದರೆ ಪಿ1 ಮಾದರಿಯಲ್ಲಿ, ಇ1 ಮಾದರಿಯಲ್ಲಿ ದೋಣಿಯನ್ನೂ ಒಂದೇ ಅಚ್ಚಿನಲ್ಲಿ ಎರೆಯುತ್ತಾರೆ. ತಪ್ಪಾಗುತ್ತಿರುವುದು ಅಲ್ಲಿ. ಉದ್ದ, ಕನಿಷ್ಠ ತೂಕ, ಮುಚ್ಚುಗೆ ಇವಕ್ಕೆ ಕಟ್ಟಳೆ ಇರಲಿ. ತಳದ ಆಕಾರ ಮಾತ್ರ ಕಟ್ಟುವವನ ಇಷ್ಟಕ್ಕೆ ಬಿಡಬೇಕು. ಇನ್ನೊಂದು ಮಾಪಿ ಬಂದರೆ ಆ ಸಂದಿಯಿಂದಲೇ ಬಂದೀತು.

ಎಂಜಿನ್ ಬಿಚ್ಚುವ ಹಾಗಿಲ್ಲ ಅಂದಮೇಲೆ ಮೆಕ್ಯಾನಿಕ್‌ಗೆ ಉಳಿಯುವ ಕೆಲಸ ಹೊಂದಿಸುವುದು, ಅದೇ ರೇಸು ಗೆಲ್ಲಿಸುವುದು. ಮೊದಲು ಎತ್ತರ. ಸಾಮಾನ್ಯ ದೋಣಿಯಲ್ಲಿ ಪ್ರೊಪೆಲ್ಲರ್ ಮೇಲಿನ ಅಡ್ಡ ತಗಡು ತಳದ ಮಟ್ಟಕ್ಕೆ, ಹೆಚ್ಚೆಂದರೆ ಒಂದು ಇಂಚು ಕೆಳಗೆ ಇರಬೇಕು. ರೇಸಿನಲ್ಲಿ ಅದನ್ನು ಎತ್ತುತ್ತಾ ಹೋಗುತ್ತಾರೆ, ಗೇರ್‌ಕೇಸ್ (ಪ್ರೊಪೆಲ್ಲರ್ ಕೂತಿರುವ ಕೆಳಗಿನ ಗೇರಿನ ಪೆಟ್ಟಿಗೆ) ನೀರಿನಿಂದ ಹೊರಬಂದಷ್ಟೂ ಎಳೆತ ಕಡಿಮೆ. ಅತಿಯಾದರೆ ಎರಡು ತೊಂದರೆ. ಪ್ರೊಪೆಲ್ಲರ್ ಗಾಳಿ ಹಿಡಿಯುತ್ತದೆ, ಫುಟ್‌ವಾಲ್ವ್ ನೀರಿನಿಂದ ಮೇಲೆ ಬಂದ ಪಂಪಿನ ಹಾಗೆ ಬರೀ ಸದ್ದು, ಕೆಲಸವಿಲ್ಲ. ಮತ್ತೆ, ತಂಪು ನೀರು ಎಳೆಯುವ ತೂತುಗಳೂ ಹೊರಬಂದು ಎಂಜಿನ್ ಕಾಯುತ್ತದೆ. ಅದಕ್ಕೇ ರೇಸಿನ ಗೇರ್‌ಕೇಸಿನಲ್ಲಿ ತೂತುಗಳನ್ನು ಮೂತಿಯ ಕೆಳತುದಿಗೆ ಇಟ್ಟಿರುತ್ತಾರೆ. ನೋಡಬೇಕಾದ್ದು ಉಷ್ಣತೆಯ ಮುಳ್ಳನ್ನಲ್ಲ, ನೀರಿನ ಒತ್ತಡದ ಮುಳ್ಳನ್ನು. ಉಷ್ಣತೆ ಏರುವಷ್ಟರಲ್ಲಿ ತಡವಾಗಿರುತ್ತದೆ.

ಆಮೇಲೆ ಪ್ರೊಪೆಲ್ಲರಿನ ಪಿಚ್, ಅಂದರೆ ಜಾರದಿದ್ದರೆ ಒಂದು ಸುತ್ತಿಗೆ ಅದು ಮುಂದೆ ಹೋಗುವ ದೂರ. 6400 ಆರ್‌ಪಿಎಂ, ಗೇರ್ ಅನುಪಾತ 1.75, ಪಿಚ್ 28 ಇಂಚು ಎಂದರೆ ಕಾಗದದ ಮೇಲೆ ಗಂಟೆಗೆ 156 ಕಿಮೀ. ಜಾರುವಿಕೆ 10% ಕಳೆದರೆ 140. ಪಿಚ್ ಒಂದು ಇಂಚು ಹೆಚ್ಚಾದರೆ ಆರ್‌ಪಿಎಂ 150ರಿಂದ 200 ಇಳಿಯುತ್ತದೆ. ಸಮುದ್ರ ಕೆಟ್ಟಿದ್ದ ದಿನ ಗರಿಷ್ಠ ವೇಗದ ಪಿಚ್ ಹಾಕುವವನು ದಡ್ಡ: ತೆರೆಯಿಂದ ತೆರೆಗೆ ಬಿದ್ದಾಗಲೆಲ್ಲ ಮತ್ತೆ ವೇಗ ಹಿಡಿಯಬೇಕು, ಅದಕ್ಕೆ ಕಡಿಮೆ ಪಿಚ್ ಬೇಕು. ದೋಣಿ ಗಾಳಿಯಲ್ಲಿದ್ದಾಗ ಥ್ರಾಟಲ್ ಹಿಡಿದವನು ಕೈ ಎತ್ತದಿದ್ದರೆ ಆರ್‌ಪಿಎಂ ಮುಗಿಲಿಗೆ ಹೋಗುತ್ತದೆ. ಲಿಮಿಟರ್ ಎಂಜಿನ್ನನ್ನು ಉಳಿಸೀತು, ಗೇರನ್ನಲ್ಲ. ವೇಗವಾಗಿ ತಿರುಗುತ್ತಿರುವ ಪ್ರೊಪೆಲ್ಲರ್ ನೀರಿಗೆ ಬಡಿದ ಕ್ಷಣದಲ್ಲಿ ಶಾಫ್ಟ್ ತಿರುಚುತ್ತದೆ. ಸ್ಟೇರಿಂಗ್‌ಗೆ ಒಬ್ಬ, ಥ್ರಾಟಲ್‌ಗೆ ಒಬ್ಬ ಎಂಬ ಹಳೆಯ ಪದ್ಧತಿ ಇದಕ್ಕೇ ಹುಟ್ಟಿದ್ದು. ಖರ್ಚು ಉಳಿಸಲು ಅದನ್ನು ಬಿಡುವ ವರ್ಗಗಳಲ್ಲಿ ಗೇರ್‌ಕೇಸಿನ ಖರ್ಚು ಏರುವುದು ಖಂಡಿತ.

‘ಹಂಗಾದ್ರ ಬಸವಸಾಗರದಾಗ ಒಂದು ರೇಸು ಇಡಬಹುದಲ್ಲ’ ಎನ್ನುವವರಿಗೆ: ಆಫ್‌ಶೋರ್ ಅಂತೂ ಆಗದು, ತೆರೆಯೇ ಇಲ್ಲ. ಸರ್ಕ್ಯೂಟ್ ರೇಸಿಗೂ ನಾರಾಯಣಪುರದ ಈ ಬಸವಸಾಗರ, ಕಾರಂಜಾ, ಬೆಣ್ಣೆತೊರಾ ಜಲಾಶಯಗಳಲ್ಲಿ ಯಾವುದೂ ಸುಲಭವಲ್ಲ. ನೀರಿನ ಮಟ್ಟ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಇಳಿದಂತೆಲ್ಲ ಮುಳುಗಿದ್ದ ಜಾಲಿ ಬೊಡ್ಡೆಗಳು ಮೇಲ್ಮೈಗೆ ಒಂದು ಗೇಣು ಕೆಳಗೆ ಬಂದು ನಿಲ್ಲುತ್ತವೆ. ಮೀನುಗಾರರ ಬಲೆ ಬೇರೆ. ಅವರ ದುಡಿಮೆಯ ಜಾಗ ಅದು, ಯಾರದೋ ಮೋಜಿಗೆ ಬಲೆ ಎತ್ತಿ ಎನ್ನುವುದು ಸರಿಯೂ ಅಲ್ಲ.

ನಮಗೆ ದಕ್ಕುವ ಕೆಲಸ ಬೇರೆ ಇದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಬೇಕಾದದ್ದು, ಬಸವಸಾಗರದಿಂದ ನೀರು ಬಿಟ್ಟಾಗ ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯವರಿಗೆ ಬೇಕಾಗುತ್ತಿದ್ದುದು ಇದೇ ಔಟ್‌ಬೋರ್ಡು, ಸಣ್ಣದು ಅಷ್ಟೇ. ರೇಸಿನ ಮೆಕ್ಯಾನಿಕ್ ಕಲಿಯುವ ಮೊದಲ ಪಾಠ ಅದಕ್ಕೂ ಪಾಠ. ತಣ್ಣೀರು ಪಂಪಿನ ರಬ್ಬರ್ ಇಂಪೆಲ್ಲರ್ ವರ್ಷಗಟ್ಟಲೆ ಒಂದೇ ಕಡೆ ನಿಂತರೆ ರೆಕ್ಕೆಗಳು ಬಾಗಿದಂತೆಯೇ ಗಟ್ಟಿಯಾಗುತ್ತವೆ. ನೀರಿಲ್ಲದೆ ಸ್ಟಾರ್ಟ್ ಮಾಡಿದರೆ ಒಂದು ನಿಮಿಷದೊಳಗೆ ಹರಿಯಬಹುದು. ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲು ಹೋಗಿದೆ ಎಂದರ್ಥ. ಪ್ರೊಪೆಲ್ಲರ್ ಬಿಚ್ಚಿ ನೋಡಿ, ಹಿಂದೆ ಬಲೆಯ ನೂಲು ಸುತ್ತಿಕೊಂಡಿರುತ್ತದೆ. ಹಳೆಯ ಟೂ-ಸ್ಟ್ರೋಕ್ ಆದರೆ 50:1, ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್. ಶಿಯರ್ ಪಿನ್ (ಪ್ರೊಪೆಲ್ಲರ್ ಏನಕ್ಕಾದರೂ ಬಡಿದಾಗ ಗೇರು ಉಳಿಸಲು ತಾನು ಮುರಿಯುವ ಪಿನ್) ಇರುವ ಮಾದರಿಯಾದರೆ ಜೇಬಿನಲ್ಲಿ ನಾಲ್ಕು ಪಿನ್ ಇರಲಿ, ಪ್ರವಾಹದ ನೀರಿನಲ್ಲಿ ಮುಳ್ಳುತಂತಿ ಬೇಲಿ ಎಲ್ಲಿದೆ ಎಂದು ಕಾಣುವುದಿಲ್ಲ. ಕಿಲ್ ಕಾರ್ಡ್ (ಕಳಚಿದ ಕೂಡಲೇ ಎಂಜಿನ್ ನಿಲ್ಲಿಸುವ ಹಗ್ಗ) ಓಡಿಸುವವನ ಮೈಗೆ ಕಟ್ಟಿರಬೇಕು, ಹ್ಯಾಂಡಲಿಗಲ್ಲ.

ಪರೀಕ್ಷೆಗೆ 200 ಲೀಟರಿನ ಡ್ರಮ್ ಸಾಕು. ಗೇರ್‌ಕೇಸಿನ ತೂತುಗಳು ಮುಳುಗುವಷ್ಟು ನೀರು ತುಂಬಿ ಐಡಲ್‌ನಲ್ಲಿ ಹತ್ತು ನಿಮಿಷ ಓಡಿಸಿ, ಪಕ್ಕದ ತೂತಿನಿಂದ ಬೀಳುವ ಧಾರೆ ನೋಡುತ್ತಿರಿ. ಧಾರೆ ಸಣ್ಣಗಾದರೆ ತಕ್ಷಣ ಆಫ್ ಮಾಡಿ. ಬೋರಿನ ನೀರು ಬಳಸುವವರಿಗೆ ಒಂದು ಮಾತು: ಇದು ಶಹಾಬಾದ್ ಕಲ್ಲಿನ ಸೀಮೆ, ನೀರು ಗಡಸು. ಓಡಿಸಿದ ಮೇಲೆ ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿ ಒಳಗಿನ ನೀರು ಪೂರ್ತಿ ಸೋರಿಹೋಗಲು ಬಿಡಿ, ಇಲ್ಲದಿದ್ದರೆ ಥರ್ಮೋಸ್ಟಾಟ್ ಹತ್ತಿರ ಸುಣ್ಣ ಕಟ್ಟುತ್ತದೆ.