ವಲೆನ್ಸುವೆಲಾನ ಎಡಗೈ ಮತ್ತು 285 ಇನಿಂಗ್ಸ್

ಕಾರವಾರದ ಟಾಗೋರ್ ಕಡಲತೀರದಲ್ಲಿ ಸಂಜೆ ಟೆನಿಸ್ ಬಾಲ್ ಆಡುವವರಿಗೆ ಬೇಸ್‌ಬಾಲ್‌ನ ಎಡಗೈ ಪಿಚರ್ (ಎಸೆತಗಾರ) ಫೆರ್ನಾಂಡೊ ವಲೆನ್ಸುವೆಲಾ ಎಸೆಯುತ್ತಿದ್ದ ಸ್ಕ್ರೂಬಾಲ್ ಎಂದರೇನು ಅಂತ ಹೇಳುವುದು ಕಷ್ಟವಲ್ಲ. ಎಡಗೈ ಸ್ಪಿನ್ನರನ ಚೆಂಡು ಬಲಗೈ ಬ್ಯಾಟರ್‌ನಿಂದ ಹೊರಕ್ಕೆ ಹೋಗುತ್ತದಲ್ಲ, ಅದೇ ದಿಕ್ಕು. ಆದರೆ ಬೇಸ್‌ಬಾಲ್‌ನಲ್ಲಿ ಚೆಂಡು ನೆಲಕ್ಕೆ ಬಿದ್ದು ತಿರುಗುವ ಪ್ರಶ್ನೆಯೇ ಇಲ್ಲ, ಏನಾಗುವುದಿದ್ದರೂ ಪಿಚರ್ ನಿಂತಲ್ಲಿಂದ ಬ್ಯಾಟರ್‌ವರೆಗಿನ 18.44 ಮೀಟರ್ ಗಾಳಿಯಲ್ಲೇ ಆಗಬೇಕು. ಟೆನಿಸ್ ಬಾಲನ್ನು ಪಡುವಣ ಗಾಳಿಯೇ ಅಷ್ಟು ದೂರ ತಳ್ಳಿಕೊಂಡು ಹೋಗುತ್ತದೆ. ಬೇಸ್‌ಬಾಲ್ 142ರಿಂದ 149 ಗ್ರಾಂ, ಅದನ್ನು ಬಾಗಿಸಲು ಸುತ್ತು ಬೇಕು.

ಕರ್ವ್‌ಬಾಲ್‌ಗೆ (ಎದುರು ದಿಕ್ಕಿಗೆ ಬಾಗುವ ಎಸೆತ) ಅಂಗೈ ಮೈಯ ಕಡೆ ಹೊರಳಿದರೆ, ಸ್ಕ್ರೂಬಾಲ್‌ಗೆ ಉಲ್ಟಾ. ಬಿಡುವ ಹೊತ್ತಿಗೆ ಅಂಗೈ ಹೊರಕ್ಕೆ ತಿರುಗಿ ಹೆಬ್ಬೆರಳು ಕೆಳಗೆ ಬರಬೇಕು. ತೋಳು ಬೀಸುವ ರಭಸ ಮಾತ್ರ ಫಾಸ್ಟ್‌ಬಾಲಿನದೇ. ರಭಸ ಇಳಿದರೆ ಬ್ಯಾಟರ್ ಅಲ್ಲೇ ಗುರುತು ಹಿಡಿಯುತ್ತಾನೆ. ಮಣಿಕಟ್ಟು ಮೊದಲೇ ಹೊರಳಿದರೆ ಸುತ್ತು ಕೂಡದೆ ಚೆಂಡು ತೇಲಿಕೊಂಡು ಹೋಗಿ ಹೊಡೆತಕ್ಕೆ ಸಿಗುತ್ತದೆ.

ಫೆರ್ನಾಂಡೊ ವಲೆನ್ಸುವೆಲಾ ಇದನ್ನು ಕಲಿತದ್ದು 1979ರಲ್ಲಿ, ಬಾಬಿ ಕಾಸ್ಟಿಯೊ ಎಂಬ ಪಿಚರ್‌ನಿಂದ. ಮೆಕ್ಸಿಕೊದ ಸೊನೋರಾ ರಾಜ್ಯದ ಎಚೊವಾಕಿಲಾ ಎಂಬ ಹಳ್ಳಿಯ ಹುಡುಗ, ಹನ್ನೆರಡು ಮಕ್ಕಳಲ್ಲಿ ಕೊನೆಯವನು. ಅದೇ ವರ್ಷ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ 1,20,000 ಡಾಲರ್ ಕೊಟ್ಟು ಕರೆತಂದಿತ್ತು. 1981ರ ಮೊದಲ ಪಂದ್ಯದಲ್ಲಿ ಎಸೆಯಬೇಕಿದ್ದ ಜೆರಿ ರಾಯ್ಸ್‌ಗೆ ಗಾಯವಾಗಿ ಅವಕಾಶ ಸಿಕ್ಕಿತು. ಶುರುವಿನ ಎಂಟಕ್ಕೆ ಎಂಟು ಗೆಲುವು, ಅದರಲ್ಲಿ ಐದು ಶಟ್‌ಔಟ್ (ಎದುರಾಳಿಗೆ ಒಂದೂ ರನ್ ಬಿಡದೆ ಪೂರ್ತಿ ಎಸೆದ ಪಂದ್ಯ). ವರ್ಷದ ಕೊನೆಗೆ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, ಹೊಸಬರ ಪ್ರಶಸ್ತಿ ಎರಡೂ. ಒಂದೇ ಸೀಸನ್ನಿನಲ್ಲಿ ಇವೆರಡನ್ನೂ ಪಡೆದವರು ಬೇರೆ ಯಾರೂ ಇಲ್ಲ. ಎಸೆಯುವ ಮುನ್ನ ಆಕಾಶ ನೋಡುವ ಆ ಚಾಳಿಯೂ ಆಗಲೇ ಮನೆಮಾತಾಯಿತು. ಯಾವ ಕೋಚೂ ಅದನ್ನು ಹೇಳಿಕೊಡಲಾರ.

ಸ್ಕ್ರೂಬಾಲ್ ಎಸೆದೇ ವಲೆನ್ಸುವೆಲಾನ ಕೈ ಹಾಳಾಯಿತು ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಆ ಎಸೆತದ ಮೇಲಿನ ಹಳೆಯ ದೂರು ಮೊಣಕೈಯದು. ಈತನಿಗೆ 1988ರಲ್ಲಿ ಕೈಕೊಟ್ಟಿದ್ದು ಭುಜ. ಲೆಕ್ಕ ನೋಡಿ: 1982ರಲ್ಲಿ 285 ಇನಿಂಗ್ಸ್ (ಬೇಸ್‌ಬಾಲ್‌ನಲ್ಲಿ ಮೂವರು ಔಟಾದರೆ ಪಿಚರ್‌ಗೆ ಒಂದು ಇನಿಂಗ್ಸ್), ಅಲ್ಲಿಂದ 1987ರವರೆಗೆ ಒಂದು ವರ್ಷವೂ 250ಕ್ಕಿಂತ ಕೆಳಗಿಳಿಯಲಿಲ್ಲ. ಇನಿಂಗ್ಸಿಗೆ ಹದಿನೈದು ಎಸೆತ ಅಂತ ಹಿಡಿದರೂ 1982ರದ್ದು ನಾಲ್ಕು ಸಾವಿರ ದಾಟುತ್ತದೆ, ನಮ್ಮ ಭಾಷೆಯಲ್ಲಿ ಸುಮಾರು 700 ಓವರ್. 1981ರ ವರ್ಲ್ಡ್ ಸೀರೀಸ್‌ನ (ಚಾಂಪಿಯನ್ ತಂಡವನ್ನು ತೀರ್ಮಾನಿಸುವ ಅಂತಿಮ ಸರಣಿ) ಮೂರನೇ ಪಂದ್ಯದಲ್ಲಿ, ಇನ್ನೂ ಇಪ್ಪತ್ತರ ಹುಡುಗನಿಂದ 147 ಎಸೆತ ಹಾಕಿಸಿದ್ದರು. ಈಗಾದರೆ ನೂರರ ಹತ್ತಿರ ಬರುತ್ತಲೇ ಪಿಚರ್‌ನನ್ನು ಬದಲಿಸುತ್ತಾರೆ. 1986ರಲ್ಲಿ 21 ಗೆಲುವು ಬಂದಾಗಲೂ ಅದರ ಜೊತೆ ಪೂರ್ತಿ ಎಸೆದ 20 ಪಂದ್ಯಗಳಿದ್ದವು. ಶಿರಸಿ-ಸಿದ್ದಾಪುರದ ಕಡೆ ಒಂದೇ ದಿನ ನಾಲ್ಕು ಮ್ಯಾಚ್ ಆಡಿಸುವ ಟೂರ್ನಿಗಳಲ್ಲಿ ಒಬ್ಬನೇ ಬೌಲರ್‌ನ ಕೈಗೆ ಚೆಂಡು ಕೊಡುವ ಕ್ಯಾಪ್ಟನ್‌ಗಳು ಎಣಿಸಬೇಕಾದ್ದು ಇದನ್ನೇ: ಮ್ಯಾಚಿನ ಓವರ್ ಅಲ್ಲ, ಇಡೀ ದಿನದ ಎಸೆತ.

ಭುಜ ಮೊದಲಿನಂತಾಗಲಿಲ್ಲ. ಆದರೂ 1990ರ ಜೂನ್ 29ರಂದು ಸೇಂಟ್ ಲೂಯಿಸ್ ತಂಡದ ವಿರುದ್ಧ ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಬಿಡದ ಪಂದ್ಯ) ಎಸೆದ. ಮರುವರ್ಷ ಮಾರ್ಚ್‌ನಲ್ಲೇ ಡಾಡ್ಜರ್ಸ್ ಕೈಬಿಟ್ಟಿತು. ಆಮೇಲೆ ತಂಡದಿಂದ ತಂಡಕ್ಕೆ ಅಲೆದಾಟ. ಅದರಲ್ಲಿ ಹೇಳಬೇಕಾದ್ದು 1996: ಸ್ಯಾನ್ ಡಿಯೇಗೊ ಪ್ಯಾಡ್ರೆಸ್‌ಗೆ 13 ಗೆಲುವು, 8 ಸೋಲು, ಆ ಆಗಸ್ಟ್‌ನಲ್ಲಿ ಮೆಕ್ಸಿಕೊದ ಮೊಂಟೆರ್ರೆಯಲ್ಲಿ ನಡೆದ ಮೊಟ್ಟಮೊದಲ ಮೇಜರ್ ಲೀಗ್ (ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್) ಸೀಸನ್ ಪಂದ್ಯದಲ್ಲಿ ಪಿಚರ್ ಆಗಿ ಇಳಿದದ್ದೂ ಈತನೇ. 1997ರಲ್ಲಿ ಮೇಜರ್ ಲೀಗ್ ಮುಗಿಯಿತು. ಒಟ್ಟು 173 ಗೆಲುವು, 2,074 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನನ್ನು ಔಟ್ ಮಾಡಿದ್ದು).

ಹಾಲ್ ಆಫ್ ಫೇಮ್‌ಗೆ (ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿ) ಸೇರದವರ ಅಂಗಿ ನಂಬರನ್ನು ಡಾಡ್ಜರ್ಸ್ ಸಾಮಾನ್ಯವಾಗಿ ಎತ್ತಿಡುವುದಿಲ್ಲ, ಅಂದರೆ ಬೇರೆ ಆಟಗಾರರಿಗೆ ಕೊಡದೆ ಮೀಸಲಿಡುವುದಿಲ್ಲ. ಆದರೂ ಈತನ 34ನ್ನು 2023ರ ಆಗಸ್ಟ್‌ನಲ್ಲಿ ಎತ್ತಿಟ್ಟರು, 2024ರ ಅಕ್ಟೋಬರ್ 22ರಂದು ಆತ ತೀರಿಕೊಳ್ಳುವುದಕ್ಕೆ ಸುಮಾರು ಹದಿನಾಲ್ಕು ತಿಂಗಳ ಮೊದಲು.